ಕೈಯಿಲ್ಲದ ಕುರ್ಚಿ

ಬೆಳಗ್ಗೆ ಆರು ಗಂಟೆ. ಆಸ್ಪತ್ರೆಯ ವ್ಯಾಯಾಮದ ಕೋಣೆಯ ಬೀಗ ತೆಗೆದವರೇ ‘ಎಣಿಸೋ ಅಕ್ಕ’ ನಾಲ್ಕು ಕುರ್ಚಿಗಳನ್ನು ಗೋಡೆಗೆ ಒತ್ತಿ ನಿಲ್ಲಿಸುತ್ತಾರೆ. ಒಂದಕ್ಕೂ ಕೈಗಳಿಲ್ಲ. ಪ್ರತಿಯೊಂದರಲ್ಲೂ ತಾವೇ ಕೂತು, ಎದ್ದು, ಕುರ್ಚಿ ಅಲ್ಲಾಡುತ್ತದೆಯೇ ಎಂದು ನೋಡುತ್ತಾರೆ. “ಬೀಳೋದಿದ್ರೆ ಮೊದ್ಲು ನಾನೇ ಬೀಳ್ಬೇಕು,” ಎಂದು, ಅವರ ಬಗ್ಗೆ ಬರೆಯಲು ಬಂದಿರುವ ನನ್ನತ್ತ ನೋಡಿ ನಗುತ್ತಾರೆ.

ಇಪ್ಪತ್ತೆರಡು ವರ್ಷಗಳಿಂದ ಇಲ್ಲಿ ಸಹಾಯಕಿ. ಯಾರು ಎಷ್ಟು ಸಲ ಕೂತು ಎದ್ದರೆಂದು ಎಣಿಸುವುದೇ ಕೆಲಸವಾದ್ದರಿಂದ ರೋಗಿಗಳು ಇಟ್ಟ ಹೆಸರು ಅದು. ದಿನಕ್ಕೆ ಮೂವತ್ತು ಮಂದಿ ಬರುತ್ತಾರೆ, ಹೆಚ್ಚಿನವರಿಗೆ ವರ್ಷಗಟ್ಟಲೆ ಬಿಡದ ಕೀಲುವಾತ. ಈ ಉರಿಯೂತ ಕೀಲುಗಳನ್ನು ಕಾಡಿ ಸುಮ್ಮನಾಗುವ ಪೈಕಿಯದಲ್ಲ, ಸದ್ದಿಲ್ಲದೆ ಸ್ನಾಯುವನ್ನೂ ಕರಗಿಸುತ್ತದೆ. ತೂಕದ ಯಂತ್ರಕ್ಕೆ ಅದು ಗೊತ್ತೇ ಆಗುವುದಿಲ್ಲ. ಸ್ನಾಯು ಹೋದ ಜಾಗದಲ್ಲಿ ಕೊಬ್ಬು ಬಂದು ಕೂತರೆ ಮುಳ್ಳು ಇದ್ದಲ್ಲೇ ಇರುತ್ತದೆ.

ಅಕ್ಕ ಇದನ್ನು ಕಲಿತದ್ದು ಮನೆಯಲ್ಲಿ. ಅಮ್ಮನಿಗೂ ಇದೇ ಕಾಯಿಲೆ ಇತ್ತು. “ಪಾಪ, ನೋಯುತ್ತೆ ಅಂತ ಒಂದು ಲೋಟ ಎತ್ತೋಕೂ ಬಿಡ್ಲಿಲ್ಲ. ನೀನು ಕೂತಿರಮ್ಮ, ನಾನಿದೀನಲ್ಲ ಅಂದೆ. ಎರಡು ವರ್ಷ ಕೂತ್ಲು. ಆಮೇಲೆ ಏಳೋಕೇ ಆಗ್ಲಿಲ್ಲ. ಪ್ರೀತಿಯಿಂದ್ಲೇ ಕೂರಿಸಿಬಿಟ್ಟೆ ನೋಡಿ.”

ಅಮ್ಮ ಹೋದ ಮೇಲೆ ಅಕ್ಕ ರೋಗಿಗಳನ್ನು ಗಮನಿಸತೊಡಗಿದರು. ಎಲ್ಲರೂ ಕುರ್ಚಿಯ ಕೈಗಳ ಮೇಲೆ ಭಾರ ಹಾಕಿ ಏಳುತ್ತಿದ್ದರು, ತೊಡೆಯ ಬಲ ಕುಂದಿದ್ದು ಯಾರಿಗೂ ಕಾಣದೆ ಅವರ ಚೀಟಿಯಲ್ಲಿ ‘ಪರವಾಗಿಲ್ಲ’ ಎಂದು ಬೀಳುತ್ತಿತ್ತು. ಒಂದು ದಿನ ಅಕ್ಕ ಬಡಗಿಯನ್ನು ಕರೆಸಿ ಒಂದು ಕುರ್ಚಿಯ ಎರಡೂ ಕೈಗಳನ್ನು ಕೊಯ್ಯಿಸಿಯೇಬಿಟ್ಟರು. ಆಸ್ಪತ್ರೆಯ ಸಾಮಾನು ಹಾಳುಮಾಡಿದರೆಂದು ಮೇಲಧಿಕಾರಿ ಕೆಂಡಾಮಂಡಲವಾದರು. ಆದರೆ ಆ ವಾರ ಅದರಲ್ಲಿ ಕೂತ ಹನ್ನೊಂದು ಮಂದಿಯಲ್ಲಿ ಏಳಲಾದದ್ದು ನಾಲ್ವರಿಗೆ ಮಾತ್ರ! ಕೀಲುವಾತದ ರೋಗಿಗಳನ್ನು ನೋಡುವ ಡಾಕ್ಟರಮ್ಮ ಅದನ್ನು ಕಣ್ಣಾರೆ ಕಂಡು, ಇನ್ನೂ ಮೂರು ಕುರ್ಚಿಗಳಿಗೆ ತಾವೇ ನಿಂತು ಗರಗಸ ಹಾಕಿಸಿದರು.

ಎಂಟೂವರೆಗೆ, ಬೆಳಗಿನ ಬಿಗಿತ ಸಡಿಲಾದ ಮೇಲೆ, ಟೈಲರಮ್ಮ ಬರುತ್ತಾರೆ. ಹನ್ನೆರಡು ವರ್ಷದ ಕೀಲುವಾತ. ಐದು ತಿಂಗಳ ಹಿಂದೆ ಈ ಕುರ್ಚಿಯಿಂದ ಒಮ್ಮೆಯೂ ಏಳಲಾಗದೆ ಅತ್ತವರು. ಸತತ ಐದು ಸಲ ಎದ್ದರೆ ಮತ್ತೆ ಅಂಗಡಿಗೆ ಹೋಗಬಹುದೆಂದು ಡಾಕ್ಟರಮ್ಮ ಹೇಳಿದ್ದಾರೆ. ನಿನ್ನೆ ನಾಲ್ಕಾಗಿತ್ತು. ಇಂದು ಗಂಡನೂ ಜೊತೆಗಿದ್ದಾರೆ.

ಒಂದು, ಎರಡು, ಮೂರು, ನಾಲ್ಕು. ತೊಡೆ ನಡುಗುತ್ತದೆ. ಗಂಡ ತಡೆಯಲಾರದೆ ಕೈ ಚಾಚುತ್ತಾರೆ.

“ಅಣ್ಣಾ, ಕೈ ಹಿಂದಕ್ಕೆ!” ಎಂದು ಅಕ್ಕ ಗದರುತ್ತಾರೆ. ಗಂಡ ತಪ್ಪು ಮಾಡಿದವರಂತೆ ಕೈಕಟ್ಟಿ ನಿಲ್ಲುತ್ತಾರೆ.

ಟೈಲರಮ್ಮ ಹಲ್ಲು ಕಚ್ಚಿ ಏಳುತ್ತಾರೆ. ಐದು! ಕೋಣೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟುತ್ತಿರುವಾಗಲೇ ಅವರು ಮತ್ತೆ ಕೂತು, ಮತ್ತೊಮ್ಮೆ ಎದ್ದು ನಿಲ್ಲುತ್ತಾರೆ. “ಇದು ಕೊಸರು, ಅಕ್ಕಾ!”

ಇಷ್ಟು ವರ್ಷಗಳಲ್ಲಿ ಎಷ್ಟು ಜನರನ್ನು ಎಬ್ಬಿಸಿರಬಹುದು ಎಂದು ಕೇಳುತ್ತೇನೆ. ಅಕ್ಕ ಮುಂದಿನವರಿಗೆ ಕುರ್ಚಿ ಒರೆಸುತ್ತಿದ್ದಾರೆ.

“ನಾನು ಯಾರನ್ನೂ ಎಬ್ಬಿಸಿಲ್ಲಪ್ಪ. ಎದ್ದಿದ್ದು ಅವರೇ. ನಾನು ಕೈ ಕೊಡದೆ ನಿಂತಿದ್ದೆ, ಅಷ್ಟೇ.”