ಸೋತ ಪ್ರಯೋಗಗಳ ಕಪಾಟು

“ಇದನ್ನು ಮಾಡ್ಬೇಡಿ ಮಾರಾಯ್ರೆ, ಮೊದಲು ಈ ಪುಟ ಓದಿ,” ಎನ್ನುತ್ತ ಸುಮತಿಯಕ್ಕ ಹಳೆಯ ನೋಟ್‌ಬುಕ್ಕೊಂದನ್ನು ನನ್ನ ಮುಂದಿಟ್ಟರು.

ಮಹಾಪೆಯ ಔಷಧ ಸಂಶೋಧನಾ ಲ್ಯಾಬಿಗೆ ನಾನು ಸೇರಿ ತಿಂಗಳಾಗಿತ್ತಷ್ಟೆ. ಕಾರ್ಕಳದ ಸುಮತಿಯಕ್ಕ ಅಲ್ಲಿನ ದಾಖಲೆ ಕೋಣೆ ನೋಡಿಕೊಳ್ಳುತ್ತಿದ್ದರು. ಮರುದಿನ ಮಾಡಬೇಕಿದ್ದ ಪ್ರಯೋಗದ ವಿವರವನ್ನು ನೋಂದಣಿಗೆಂದು ಆಗತಾನೆ ಅವರಿಗೆ ಕೊಟ್ಟಿದ್ದೆ.

ಪುಟ ಓದಿದೆ. ನಾನು ಬೆರೆಸಲಿದ್ದ ಅವೇ ಎರಡು ದ್ರಾವಣಗಳನ್ನು ಹನ್ನೊಂದು ವರ್ಷದ ಹಿಂದೆ ಯಾರೋ ಬೆರೆಸಿ ಬಿಸಿ ಮಾಡಿದ್ದರು. ಗಾಜಿನ ಪಾತ್ರೆ ಸಿಡಿದು ಅವರ ಒಂದು ಕಣ್ಣು ಹೋಗಿತ್ತು.

“ಅಕ್ಕಾ, ನೀವು ಕೆಮಿಸ್ಟ್ರಿ ಓದಿದ್ದೀರಾ?”

“ಇಲ್ಲಪ್ಪ, ನಂದು ಪಿಯುಸಿ ಆರ್ಟ್ಸ್. ಗೆದ್ದದ್ದನ್ನು ಎಲ್ರೂ ಜೋಪಾನ ಮಾಡ್ತಾರೆ. ಸೋತದ್ದನ್ನೂ ಯಾರಾದ್ರೂ ಇಡ್ಬೇಕಲ್ಲ?”

ಅವರು ತಮ್ಮ ಕಪಾಟು ತೆರೆದು ತೋರಿಸಿದರು. ಕೆಟ್ಟುಹೋದ ಪ್ರತಿಯೊಂದು ಪ್ರಯೋಗಕ್ಕೂ ಒಂದು ಕಾರ್ಡು, ಅದರ ಮೇಲೆ ರಾಸಾಯನಿಕದ ಹೆಸರು, ನೋಟ್‌ಬುಕ್ಕಿನ ಪುಟಸಂಖ್ಯೆ. ಯಾರೂ ಹೇಳದೆ, ಬಿಡುವಿನಲ್ಲಿ ತಾವೇ ಬರೆದಿಟ್ಟ ಸಾವಿರಾರು ಕಾರ್ಡುಗಳು.

ಆ ವರ್ಷ ನನ್ನ ಮೂರು ಪ್ರಯೋಗಗಳು ಕೆಟ್ಟವು. ಎಲ್ಲಿ ತಪ್ಪಿದೆನೆಂದು ಮುಚ್ಚುಮರೆಯಿಲ್ಲದೆ ಬರೆದು, ಮೂರನ್ನೂ ನಾನೇ ಹೋಗಿ ಸುಮತಿಯಕ್ಕನ ಕೈಗೆ ಕೊಟ್ಟೆ.