ಬೋರ್ಡೋದಲ್ಲಿ ಒಣ ನೆಲ್ಲಿಕಾಯಿ

ವೈನ್ ತೋಟಗಳನ್ನು ಸುತ್ತಲೆಂದು ಫ್ರಾನ್ಸಿಗೆ ಹೋದ ನಮ್ಮ ಗುಂಪಿನಲ್ಲಿ ವೈನ್ ಕುಡಿಯುವವರೇ ಇರಲಿಲ್ಲ. ನಾನೂ ನನ್ನ ಗಂಡನೂ ಬೆಳ್ಳುಳ್ಳಿಯನ್ನು ಸಹ ಒಳಗೆ ಬಿಟ್ಟುಕೊಳ್ಳದ ಮನೆಗಳಲ್ಲಿ ಬೆಳೆದವರು. ಹ್ಯೂಸ್ಟನ್ನಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಜ್ಜಿ ಬ್ಯಾಪ್ಟಿಸ್ಟ್ ಚರ್ಚಿನವರು. ಮದ್ಯವೆಂದರೆ ನಮಗಿಂತ ಒಂದು ಕೈ ಹೆಚ್ಚಾಗಿಯೇ ಮೂಗು ಮುರಿಯುವವರು. ಇನ್ನುಳಿದವರು ಅವರ ಗಂಡ. ಕುಡಿಯುವ ಆಸೆ ಇದ್ದದ್ದು ಆ ಅಜ್ಜನೊಬ್ಬರಿಗೆ. ಆದರೆ ಅವರ ನಾಲಿಗೆಗೆ ಯಾವ ರುಚಿಯೂ ಗೊತ್ತಾಗುತ್ತಿರಲಿಲ್ಲ.

ಗಂಟಲಿನ ಕ್ಯಾನ್ಸರಿಗೆ ರೇಡಿಯೇಶನ್ ಕೊಟ್ಟ ಮೇಲೆ ಹಾಗಾಗಿತ್ತು. ಕೆಲವು ತಿಂಗಳಲ್ಲಿ ರುಚಿ ಮರಳಬಹುದು ಎಂದು ಡಾಕ್ಟರು ಹೇಳಿದ್ದರು. ವರ್ಷ ದಾಟಿದರೂ ಮರಳಲಿಲ್ಲ. ಅಜ್ಜಿ ಏನು ಮಾಡಿ ಬಡಿಸಿದರೂ ಎರಡು ತುತ್ತಿಗೆ "ಹತ್ತಿ ಅಗಿದ ಹಾಗಿದೆ" ಎಂದು ತಟ್ಟೆ ಸರಿಸಿಬಿಡುತ್ತಿದ್ದರು. ಆರಡಿ ಎತ್ತರದ ಮನುಷ್ಯ, ಬೆಲ್ಟಿಗೆ ಹೊಸ ತೂತು ಹೊಡೆದುಕೊಳ್ಳುವಷ್ಟು ಇಳಿದುಹೋಗಿದ್ದರು. ಒಂದು ದಿನ ಅಜ್ಜಿ ಬೇಲಿಯ ಹತ್ತಿರ ನಿಂತು, "ಕಾಯಿಲೆ ಇವರನ್ನ ಬಿಟ್ಟಿತು. ಈಗ ಊಟ ಬಿಟ್ಟೇ ಸಾಯ್ತಾರೆ" ಎಂದರು. ನನಗೆ ಬಹಳ ಸಂಕಟವಾಯಿತು.

ಅಜ್ಜ ಎಳೆಯ ವಯಸ್ಸಿನಲ್ಲಿ, ಮೊದಲ ಮಹಾಯುದ್ಧದ ಕಾಲಕ್ಕೆ, ಬೋರ್ಡೋ ಬಂದರಿನಲ್ಲಿ ಹಡಗಿನಿಂದ ಸಾಮಾನು ಇಳಿಸುವ ಕೆಲಸದಲ್ಲಿದ್ದವರು. ಅಲ್ಲಿ ಕುಡಿದಂಥ ಕೆಂಪು ವೈನ್ ಟೆಕ್ಸಾಸಿನಲ್ಲಿ ಎಂದೂ ಸಿಗಲಿಲ್ಲವಂತೆ. ನಾಲಿಗೆಗೆ ಎಲ್ಲಾದರೂ ಎಚ್ಚರ ಬರುವುದಿದ್ದರೆ ಅಲ್ಲೇ ಬರಬೇಕು ಎಂದು ಹಟ ಹಿಡಿದು ಕೂತರು. ನಾವು ಆ ವರ್ಷ ರಜೆಗೆ ಮೈಸೂರಿಗೆ ಹೊರಟಿದ್ದೆವು. ಆಗಿನ ವಿಮಾನದ ಟಿಕೆಟ್ಟಿನಲ್ಲಿ ದಾರಿಯಲ್ಲಿ ಯುರೋಪಿನಲ್ಲಿಳಿದು ನಾಲ್ಕು ದಿನ ಇದ್ದು ಬರಬಹುದಿತ್ತು. "ವಾಪಸ್ ಬರುವಾಗ ಬೋರ್ಡೋಗೆ ಬನ್ನಿ, ನಾವೂ ಅಲ್ಲಿರ್ತೀವಿ. ಕಾರು ಓಡಿಸೋಕೆ ಕುಡಿಯದ ಮನುಷ್ಯ ಬೇಕು" ಎಂದು ಅಜ್ಜ ನನ್ನ ಗಂಡನನ್ನು ಒಪ್ಪಿಸಿಬಿಟ್ಟರು. ನನ್ನನ್ನು ಯಾರೂ ಕೇಳಲಿಲ್ಲ. ಹೀಗಾಗಿ ಪ್ಯಾರಿಸ್ಸನ್ನು ನಾನು ನೋಡಿದ್ದು ರೈಲ್ವೆ ಸ್ಟೇಷನ್ನಿನ ಮಟ್ಟಿಗೆ. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಬೋರ್ಡೋ ಹಳೆಯ ಊರು. ಮಸಿ ಹಿಡಿದು ಕಪ್ಪಾದ ಕಲ್ಲಿನ ಮನೆಗಳು, ಕೆಸರು ಬಣ್ಣದ ದೊಡ್ಡ ನದಿ, ಅದರ ಮೇಲೆ ಸಾಲು ಕಮಾನುಗಳ ಉದ್ದನೆಯ ಸೇತುವೆ, ಭಾರೀ ಗಂಟೆಯೊಂದನ್ನು ತೂಗುಬಿಟ್ಟ ಪುರಾತನ ಕೋಟೆಬಾಗಿಲು. ಆ ಬಾಗಿಲ ಹತ್ತಿರದ ಸಣ್ಣ ಹೋಟೆಲಿನಲ್ಲಿ ಉಳಿದು, ದಿನಾ ಬೆಳಿಗ್ಗೆ ಒಂದು ದಿಕ್ಕಿಗೆ ಕಾರಿನಲ್ಲಿ ಹೋಗಿ ಸಂಜೆಗೆ ಮರಳುತ್ತಿದ್ದೆವು. ನಮ್ಮ ಕಡೆಯ ಹಾಗೆ ದ್ರಾಕ್ಷಿಗೆ ಚಪ್ಪರವಿಲ್ಲ. ಸೊಂಟದೆತ್ತರದ ಗಿಡಗಳು, ಬೈತಲೆ ತೆಗೆದ ಹಾಗೆ ನೇರ ಸಾಲು. ಎಲ್ಲಿ ನಿಂತರೂ ಅಜ್ಜಿ ಕಾರಿನ ಗಾಜು ಏರಿಸಿಕೊಂಡು ಒಳಗೇ ಬೈಬಲ್ ಓದುತ್ತ ಕೂರುತ್ತಿದ್ದರು. ನಾವು ಮೂವರು ನೆಲಮಾಳಿಗೆಗೆ ಇಳಿಯುತ್ತಿದ್ದೆವು.

ಪೀಪಾಯಿಗಳ ನಡುವೆ ಅಲ್ಲಿನವನು ಗ್ಲಾಸು ತಿರುಗಿಸಿ, ಮೂಗು ಹತ್ತಿರ ತಂದು, ತನಗೆ ಬರುವ ಇಂಗ್ಲಿಷಿನಲ್ಲಿ "ತಂಬಾಕು, ದೇವದಾರು, ಹೊಸ ಚರ್ಮ" ಎಂದು ವರ್ಣಿಸುತ್ತಿದ್ದ.

"ರೀ, ಚರ್ಮದ ವಾಸನೆ ಬರೋದನ್ನ ಯಾರಾದ್ರೂ ಕುಡೀತಾರಾ?" ಎಂದೆ.

"ಸುಮ್ನಿರೇ. ಅವನಿಗೆ ಕನ್ನಡ ಬರಲ್ಲ, ನಿನ್ನ ಮುಖ ನೋಡಿದ್ರೆ ಎಲ್ಲಾ ಗೊತ್ತಾಗತ್ತೆ" ಎಂದರು ನನ್ನ ಗಂಡ.

ಅಜ್ಜ ಒಂದು ಗುಟುಕು ಬಾಯಲ್ಲಿ ಹೊರಳಿಸಿ, ಅಲ್ಲಿಯ ಪದ್ಧತಿಯಂತೆ ಬಕೆಟ್ಟಿಗೆ ಉಗುಳಿ, "ನೀರು" ಎನ್ನುತ್ತಿದ್ದರು. ಪ್ರತಿ ಸಲವೂ ಅದೇ ಮಾತು. ಪ್ರತಿ ಸಲವೂ ಅವರ ಭುಜ ಇನ್ನಷ್ಟು ಕುಸಿದ ಹಾಗೆ ಕಾಣುತ್ತಿತ್ತು.

ಅದು ಮೂರನೆಯ ದಿನ, ಸುತ್ತುವುದಕ್ಕೆ ಇನ್ನೊಂದೇ ದಿನ ಉಳಿದಿತ್ತು. ಅವತ್ತಿನ ನೆಲಮಾಳಿಗೆಯಲ್ಲಿ ಅಜ್ಜ ತಮ್ಮ ಗ್ಲಾಸನ್ನು ನನ್ನ ಕಡೆ ಚಾಚಿ, "ಇವರು ಹೇಳೋದು ನನಗೆ ಅರ್ಥವಾಗಲ್ಲ. ನೀನು ಚೆನ್ನಾಗಿ ಅಡುಗೆ ಮಾಡ್ತೀಯ. ನೀನು ಕುಡಿದು ಹೇಳು, ಹೇಗಿದೆ" ಎಂದರು.

ಗಂಡನ ಕಡೆ ನೋಡಿದೆ. "ನಿನ್ನಿಷ್ಟ ಕಣೆ" ಎಂದು ಗೋಡೆ ನೋಡತೊಡಗಿದರು. ಎಲ್ಲ ಇಕ್ಕಟ್ಟಿಗೂ ಅವರದು ಅದೊಂದೇ ಉತ್ತರ. ಉಗುಳಿದರೆ ಕುಡಿದ ಹಾಗಾಗುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಗ್ಲಾಸು ತೆಗೆದುಕೊಂಡೆ. ಅದು ಅಜ್ಜನ ಎಂಜಲು. ಮನೆಯಲ್ಲಿ ಲೋಟದ ನೀರು ಕುಡಿಯುವ ಹಾಗೆ ತಲೆ ಹಿಂದಕ್ಕೆ ಮಾಡಿ, ತುಟಿಗೆ ತಾಗಿಸದೆ, ಮೇಲಿನಿಂದ ಬಿಟ್ಟುಕೊಂಡೆ. ನೆಲಮಾಳಿಗೆಯವನು ಬಿಟ್ಟ ಬಾಯಿ ಮುಚ್ಚಲಿಲ್ಲ. ಉಗುಳೋಣವೆಂದು ತಿರುಗಿದರೆ ಬಕೆಟ್ಟಿನ ಪಕ್ಕದಲ್ಲೇ ಅಜ್ಜ, ನನ್ನ ಮುಖವನ್ನೇ ನೋಡುತ್ತ ನಿಂತಿದ್ದಾರೆ. ಹಿರಿಯರ ಎದುರಿಗೆ ಉಗುಳುವುದು ಹೇಗೆ? ನುಂಗಿಬಿಟ್ಟೆ.

ಮೊದಲು ಸ್ವಲ್ಪ ಹುಳಿ. ಆಮೇಲೆ ಏನೋ ನಾಲಿಗೆಯನ್ನು ಹಿಡಿದುಕೊಂಡು ಬಿಡಲಿಲ್ಲ. "ಒಗರು" ಎಂದೆ. ಅದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ನನಗೆ ಗೊತ್ತಿರಲಿಲ್ಲ, ಗೋಡೆ ನೋಡುತ್ತಿದ್ದವರಿಗೂ ಗೊತ್ತಿರಲಿಲ್ಲ. ಕಾರಿನಲ್ಲಿ ವಾಂತಿ ಬರದಿರಲಿ ಎಂದು ಅಮ್ಮ ಕಟ್ಟಿಕೊಟ್ಟಿದ್ದ, ಉಪ್ಪು ಹಾಕಿ ಒಣಗಿಸಿದ ನೆಲ್ಲಿಕಾಯಿ ನನ್ನ ಕೈಚೀಲದಲ್ಲಿತ್ತು. "ಇದರ ಹಾಗಿದೆ" ಎಂದು ಅಜ್ಜನಿಗೆ ಒಂದು ಹೋಳು ಕೊಟ್ಟೆ.

ಅವರು ಮರ್ಯಾದೆಗೆಂದು ಬಾಯಿಗೆ ಹಾಕಿಕೊಂಡು ಅಗಿದರು. ಸ್ವಲ್ಪ ಹೊತ್ತಿನ ಮೇಲೆ ಅಗಿಯುವುದನ್ನು ನಿಲ್ಲಿಸಿದರು. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಒತ್ತಿ ನೋಡಿದರು. "ಒಣಗಿಸ್ತಿದೆ. ಹಿಡ್ಕೊಳ್ತಿದೆ" ಎಂದರು. ನೀರಿನಿಂದ ಬಾಯಿ ಮುಕ್ಕಳಿಸಿ, ವೈನಿನ ದೊಡ್ಡ ಗುಟುಕು ತೆಗೆದುಕೊಂಡು ಕಣ್ಣು ಮುಚ್ಚಿದರು. ಈ ಸಲ ಅವರೂ ಉಗುಳಲಿಲ್ಲ. "ಇದರಲ್ಲೂ ಇದೆ. ಆಗ, ಯುದ್ಧದ ಕಾಲದಲ್ಲೂ ಹೀಗೇ ಹಿಡ್ಕೊಂಡಿತ್ತು" ಎಂದು ಕಣ್ಣೊರೆಸಿಕೊಂಡರು. ನನಗೂ ಅಳು ಬಂತು. ವೈನು ನೆತ್ತಿಗೇರಿ ಅತ್ತೆ ಎಂದು ನನ್ನ ಗಂಡ ಇವತ್ತಿಗೂ ಹಾಸ್ಯ ಮಾಡುತ್ತಾರೆ.

ಒಗರೆಂಬುದು ರುಚಿಗಿಂತ ಹೆಚ್ಚಾಗಿ ಸ್ಪರ್ಶವಂತೆ, ಅದಕ್ಕೇ ಅವರಿಗೆ ಉಳಿದಿತ್ತು ಎಂದು ಆಮೇಲೆ ಹ್ಯೂಸ್ಟನ್ನಿನ ಡಾಕ್ಟರು ವಿವರಿಸಿದರು. ಸಿಹಿ, ಉಪ್ಪು, ಹುಳಿ ಅವರಿಗೆ ಮರಳಲೇ ಇಲ್ಲ. ಆದರೆ ಆ ಸಂಜೆ ಹೋಟೆಲಿನಲ್ಲಿ ಅಕ್ರೋಟನ್ನು ಅದರ ಒಗರು ಒಳಸಿಪ್ಪೆಯ ಸಮೇತ ಬ್ರೆಡ್ಡಿನ ಜೊತೆ ಅಗಿದು ತಿಂದರು, ಇನ್ನೊಂದು ತುಂಡು ಬ್ರೆಡ್ ಕೇಳಿ ಹಾಕಿಸಿಕೊಂಡರು. ಅಜ್ಜಿ ತಮ್ಮ ಊಟ ಮರೆತು ಅವರ ಬಾಯಿಯನ್ನೇ ನೋಡುತ್ತ ಕೂತಿದ್ದರು. ಮಲಗುವ ಮುಂಚೆ ನನ್ನ ಹತ್ತಿರ ಒಂದಿಷ್ಟು ನೆಲ್ಲಿಕಾಯಿ ಕೇಳಿ, ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದರು.

ಮರುದಿನ ಕೊನೆಯ ತೋಟದಲ್ಲಿ ಕಾರು ನಿಂತಿತು. ಎಲ್ಲರಿಗಿಂತ ಮೊದಲು ಇಳಿದವರು ಅಜ್ಜಿ. ಮೆಟ್ಟಿಲಿಳಿದು ನೇರವಾಗಿ ನೆಲಮಾಳಿಗೆಯವನ ಮುಂದೆ ಹೋಗಿ ನಿಂತು, ಕರವಸ್ತ್ರ ಬಿಚ್ಚಿ ಒಂದು ಹೋಳನ್ನು ಅವನ ಕೈಗಿಟ್ಟರು. "ಇದನ್ನ ತಿನ್ನಿ. ನನ್ನ ಗಂಡನಿಗೆ ಇಂಥದ್ದು ಬೇಕು" ಎಂದರು.

ಅವನು ತಿಂದು ಮುಖ ಕಿವುಚಿದ. ಆಮೇಲೆ ಯೋಚಿಸಿ, ಮೂಲೆಯ ಪೀಪಾಯಿಯ ಕಡೆ ಕೈ ತೋರಿಸಿ, "ಇಷ್ಟು ಬಿಗಿಯಾಗಿ ಹಿಡಿಯೋದು ಅದೊಂದೇ. ಆದರೆ ತುಂಬಾ ಎಳೆಯದು, ಹದಕ್ಕೆ ಬರೋಕೆ ಇನ್ನೂ ಐದಾರು ವರ್ಷ ಕಾಯಬೇಕು" ಎಂದ.

"ನಮಗೆ ಕಾಯೋಕಾಗಲ್ಲ. ಈಗಲೇ ಕೊಡಿ" ಎಂದು ಅಜ್ಜಿ ತಾವೇ ಗ್ಲಾಸು ಹಿಡಿದು ಪೀಪಾಯಿಯ ಹತ್ತಿರ ನಿಂತರು.