ಎಡದಿಂದ ಎರಡನೇ ಮನೆ

ಅಚ್ಚಿನ ಮಸಿ ಉಗುರಿನ ಸಂದಿಗೆ ಸೇರಿದರೆ ಸೀಮೆಎಣ್ಣೆಗೂ ಸುಲಭಕ್ಕೆ ಜಗ್ಗುವುದಿಲ್ಲ. ನನ್ನ ಕೈ ನೋಡಿದ ಅಪರಿಚಿತರು ಮೂಡಿಗೆರೆಯಲ್ಲಿ ಈ ನಿವೃತ್ತ ಡ್ರಾಯಿಂಗ್ ಮಾಸ್ತರನನ್ನು ಗ್ಯಾರೇಜಿನವನೆಂದೇ ಭಾವಿಸುತ್ತಾರೆ. ನಾನು ಮಾಡುವುದು ರಾತ್ರಿಯ ಅಚ್ಚುಚಿತ್ರ. ಮರದ ಹಲಗೆಗೆ ರೋಲರಿನಿಂದ ಕರಿ ಮಸಿ ಬಳಿದು, ಮೇಲೆ ಕಾಗದ ಹಾಸಿ, ಚಮಚದ ಬೆನ್ನಿನಿಂದ ಉಜ್ಜಿದರೆ, ಏನೂ ಕೆತ್ತದ ಹಲಗೆ ಶುದ್ಧ ಅಮಾವಾಸ್ಯೆಯನ್ನು ಕೊಡುತ್ತದೆ. ಉಳಿ ಆಡಿದಲ್ಲಿ ಮಾತ್ರ ಬೆಳಕು. ಕತ್ತಲನ್ನು ಕೆತ್ತಲು ಹೊರಟವನಿಗೆ ಕತ್ತಲು ಪುಕ್ಕಟೆ, ದುಡಿಮೆಯೆಲ್ಲ ಬೆಳಕಿಗೆ ಎಂಬುದು, ಓದುಗ ಮಿತ್ರರೇ, ಈ ಕಸುಬಿನ ಸೌಲಭ್ಯ. ಒಮ್ಮೆ ಕೆತ್ತಿದ ಬೆಳಕನ್ನು ಮತ್ತೆ ಆರಿಸಲಾಗದು ಎಂಬುದು ಅದರ ಸಂಕಟ.

ಹೋದ ವರ್ಷ, ಕುದುರೆಮುಖದಲ್ಲಿ ಗಣಿ ಮುಚ್ಚಿದ ಮೇಲೆ ಖಾಲಿಬಿದ್ದ ಕ್ವಾರ್ಟರ್ಸ್ ಸಾಲೊಂದನ್ನು ಕೆತ್ತಿದೆ: ಗುಡ್ಡದ ಅಂಚಿಗೆ ತೆಳು ಬೆಳದಿಂಗಳು, ಕೆಳಗೆ ನಾಲ್ಕು ಮನೆ, ಕಿಟಕಿಗಳೆಲ್ಲ ಕಪ್ಪು. ಗ್ರಂಥಾಲಯದ ಗೋಡೆಗೆ ತೂಗುಹಾಕಿದ ಆ ಚಿತ್ರದ ಮುಂದೆ, ಬಸ್‌ಸ್ಟ್ಯಾಂಡ್ ಬಳಿ ಬಟ್ಟೆ ಹೊಲಿಯುವ ಐರಿನ್ ಬಾಯಿ ಬಹಳ ಹೊತ್ತು ನಿಂತರು. ಅವರ ಗಂಡ ಅಲ್ಲಿನ ಗಣಿಯಲ್ಲಿ ಲಾರಿ ಓಡಿಸುತ್ತಿದ್ದವರು.

"ಮಾಸ್ಟ್ರೇ, ಎಡದಿಂದ ಎರಡನೇದು ನಮ್ಮನೆ. ಒಂದು ದೀಪ ಹಾಕ್ಬೋದಾ?"

ಈಗ ಅಲ್ಲಿ ದೀಪ ಹಚ್ಚುವವರೇ ಇಲ್ಲವಲ್ಲ ಎಂದು ನಾನು ಕಲೆಯ ಸತ್ಯನಿಷ್ಠೆಯ ಮೇಲೊಂದು ಸಣ್ಣ ಉಪನ್ಯಾಸವನ್ನೇ ಕೊಟ್ಟೆ. ಅವರು ಪೂರ್ತಿ ಕೇಳಿಸಿಕೊಂಡರು.

"ಅವ್ರು ಶಿಫ್ಟ್ ಮುಗ್ಸಿ ಬರೋತನಕ ನಾನು ಒಂದು ದಿನವೂ ದೀಪ ಆರ್ಸಿದ್ದಿಲ್ಲ. ಈಗ ಅವ್ರೇ ಇಲ್ಲ, ಬಿಡಿ," ಎಂದು ಹೊರಟುಹೋದರು.

ನನ್ನ ಉಪನ್ಯಾಸ ನನಗೇ ನಾಚಿಕೆ ತರಿಸಿತು. ಮರುದಿನ ಬೆಳಿಗ್ಗೆಯೇ ಹಲಗೆ ತೆಗೆದು, ಎಡದಿಂದ ಎರಡನೇ ಕಿಟಕಿ ಕೆತ್ತಿ, ಅಚ್ಚೊತ್ತಿ, ಒಣಗಿದ ಮೇಲೆ ಅವರ ಅಂಗಡಿಗೆ ಒಯ್ದೆ. ಐರಿನ್ ಬಾಯಿ ಕತ್ತರಿ ಕೆಳಗಿಟ್ಟು ನೋಡಿದರು.

"ಇದು ಲಲಿತಾನ ಮನೆ!"

ಹಲಗೆಯ ಎಡಭಾಗ ಕಾಗದದಲ್ಲಿ ಬಲಭಾಗವಾಗುತ್ತದೆಂದು ಮೂವತ್ತು ವರ್ಷ ಮಕ್ಕಳ ಕಿವಿ ಹಿಂಡಿ ಕಲಿಸಿದ್ದು ಇದೇ ನಾನು. ದೀಪ ಪಕ್ಕದ ಮನೆಯಲ್ಲಿ ಉರಿಯುತ್ತಿತ್ತು. ಆ ಮನೆಯ ಲಲಿತಾಗೂ ಇವರಿಗೂ ಬಟ್ಟೆ ಒಣಹಾಕುವ ಹಗ್ಗ ಯಾರದೆಂದು ಜಗಳವಾಗಿ, ಊರು ಬಿಡುವ ದಿನವೂ ಮಾತಿರಲಿಲ್ಲವಂತೆ. ಆಕೆ ಈಗ ಕಳಸದಲ್ಲಿದ್ದಾರೆಂದೂ ತಿಳಿಯಿತು.

"ಹೊಸ ಹಲಗೆ ಕೆತ್ತಿಕೊಡ್ತೀನಿ ಬಾಯಿ," ಎಂದೆ.

ಅವರು ಚಿತ್ರದಿಂದ ಕಣ್ಣು ತೆಗೆಯಲಿಲ್ಲ. "ಬೇಡ. ಅವ್ಳೂ ಗಂಡನಿಗೆ ಹಂಗೇ ಕಾಯ್ತಿದ್ಲು. ಅದು ಇರ್ಲಿ, ನಮ್ದೂ ಹಚ್ಚಿ. ಎರಡು ಪ್ರತಿ ಕೊಡಿ."

ಈ ಬಾರಿ ಕನ್ನಡಿ ಹಿಡಿದು ಮೂರು ಸಲ ಪರೀಕ್ಷಿಸಿ ಕೆತ್ತಿದೆ. ಭಾನುವಾರ ಬಾಯಿ ಸುರುಳಿಯೊಂದನ್ನು ಕಂಕುಳಲ್ಲಿಟ್ಟುಕೊಂಡು ಕಳಸದ ಬಸ್ಸು ಹತ್ತಿದರು. ಸೋಮವಾರ ಅಂಗಡಿಗೆ ಬೀಗ. ಮಂಗಳವಾರ ಹೋಗಿ ಏನಾಯಿತೆಂದು ಕೇಳಿದೆ.

"ಹಗ್ಗ ತನ್ನದೇ ಅಂತ ಈಗ್ಲೂ ಹೇಳ್ತಾಳೆ ಮಾರಾಯ್ರೆ," ಎಂದು ಬಾಯಿ ಸೂಜಿಗೆ ದಾರ ಪೋಣಿಸಿದರು. "ಹೊರಟ್ರೆ ಬಿಡ್ಬೇಕಲ್ಲ, ಎರಡು ದಿನ ಅಲ್ಲೇ ಇಟ್ಕೊಂಡ್ಲು."